ಮುಖಕ್ಕೆ ಹಚ್ಚಿದ ಆಮ್ಲ ಎಷ್ಟು ಆಳಕ್ಕೆ ಇಳಿಯುತ್ತದೆ?

ಮುಧೋಳ, ಜಮಖಂಡಿಗಳ ಕಬ್ಬಿನ ಹೊಲಗಳ ನಡುವೆ ಬೆಳೆದವರಿಗೆ ಗ್ಲೈಕೋಲಿಕ್ ಆಮ್ಲ ಎಂಬ ಹೆಸರು ಹೊಸದೆನಿಸಬಹುದು. ಆದರೆ ಆ ವಸ್ತು ಕಬ್ಬಿನ ರಸದಲ್ಲಿ ಅಲ್ಪ ಪ್ರಮಾಣದಲ್ಲಿ ಇದ್ದೇ ಇದೆ. ಮುಖದ ಮೇಲ್ಪದರವನ್ನು ಸುಲಿದು ಹೊಳಪು ತರುವ ‘ಕೆಮಿಕಲ್ ಪೀಲ್’ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಕೆಯಾಗುವ ಆಮ್ಲಗಳಲ್ಲಿ ಇದೂ ಒಂದು. ‘ಕಬ್ಬಿನಿಂದ ಬಂದದ್ದು, ಏನೂ ಆಗುವುದಿಲ್ಲ’ ಎಂದು ಧೈರ್ಯ ಹೇಳುವವರಿದ್ದಾರೆ. ಬಾಟಲಿಯಲ್ಲಿರುವುದು ಬಹುಮಟ್ಟಿಗೆ ಕಾರ್ಖಾನೆಯಲ್ಲಿ ತಯಾರಾದ ಆಮ್ಲ ಎಂಬುದು ಹಾಗಿರಲಿ. ಕಬ್ಬಿನದೇ ಆಗಿದ್ದರೂ ಚರ್ಮವು ಅದರ ಊರುಕೇರಿಯನ್ನು ವಿಚಾರಿಸುವುದಿಲ್ಲ. ಆಮ್ಲದ ಸಾಂದ್ರತೆ ಎಷ್ಟು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಎಷ್ಟು, ಅದು ಎಷ್ಟು ಹೊತ್ತು ಮೈಮೇಲಿತ್ತು ಎಂಬುವೇ ಅದರ ಗಾಯದ ಆಳವನ್ನು ನಿರ್ಧರಿಸುತ್ತವೆ.

ಚರ್ಮದ ತುತ್ತತುದಿಯಲ್ಲಿ ಸತ್ತ ಜೀವಕೋಶಗಳ ಹೊದಿಕೆಯೊಂದಿದೆ. ಮುಖದ ಮೇಲೆ ಅದರ ದಪ್ಪ ಮಿಲಿಮೀಟರಿನ ನೂರರಲ್ಲೊಂದು ಭಾಗದ ಆಸುಪಾಸು. ಕೆಳಗೆ ಹುಟ್ಟಿದ ಕೋಶವು ಮೇಲೇರಿ, ಸತ್ತು, ಉದುರಿಹೋಗಲು ಸುಮಾರು 4 ವಾರ ಹಿಡಿಯುತ್ತದೆ. ಈ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸಿ ಉದುರುವಿಕೆಯನ್ನು ಅವಸರಿಸುವುದಷ್ಟೇ ಹಗುರವಾದ ಪೀಲ್‌ನ ಕೆಲಸ. ಅದರಿಂದ ಕೆಲವು ದಿನ ಮುಖ ಕೆಂಪಾಗಿ, ಉರಿದು, ಹೊಟ್ಟಿನಂತೆ ಸಿಪ್ಪೆ ಏಳುವುದು ನಿರೀಕ್ಷಿತವೇ. ಪೀಲ್‌ಗೆ ಬಳಸುವ ಇನ್ನೊಂದು ವಸ್ತುವಾದ ಟ್ರೈಕ್ಲೋರೋಅಸಿಟಿಕ್ ಆಮ್ಲವು ಸಾಂದ್ರತೆ ಹೆಚ್ಚಿದಂತೆ ಒಳಚರ್ಮವನ್ನು ತಲುಪುತ್ತದೆ. ಫೀನಾಲ್ ಇನ್ನೂ ಆಳಕ್ಕಿಳಿದು ರಕ್ತವನ್ನು ಸೇರಿ ಹೃದಯದ ಬಡಿತದ ಲಯವನ್ನೇ ಕೆಡಿಸಬಲ್ಲದಾದ್ದರಿಂದ, ಅದನ್ನು ಬಳಸುವಾಗ ಇಸಿಜಿಯ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ. ಆಳ ಹೆಚ್ಚಿದಷ್ಟೂ ಕೀವು, ಮಾಯದ ಕಲೆಗಳ ಭಯ ಹೆಚ್ಚು. ತುಟಿಯಂಚಿನಲ್ಲಿ ಆಗಾಗ ನೀರುಗುಳ್ಳೆ ಏಳುವವರಲ್ಲಿ, ನರದೊಳಗೆ ಅಡಗಿ ಮಲಗಿರುವ ಹರ್ಪಿಸ್ ವೈರಾಣು ಈ ಗಾಯದಿಂದ ಎಚ್ಚೆತ್ತು ಮುಖದ ತುಂಬ ಹರಡುವುದುಂಟು.

ಆದರೆ ನಮ್ಮ ಭಾಗದವರನ್ನು ಹೆಚ್ಚಾಗಿ ಕಾಡುವುದು ಇವು ಯಾವುವೂ ಅಲ್ಲ, ಕಪ್ಪು ಕಲೆ. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು ರೂಪಿಸಿದ ಅಳತೆಯು ಬಿಸಿಲಿಗೆ ಚರ್ಮ ಸುಡುತ್ತದೆಯೋ ಕಂದುತ್ತದೆಯೋ ಎಂಬುದನ್ನು ಆಧರಿಸಿದೆ, ಮತ್ತು ಇಂದು ಬಳಕೆಯಲ್ಲಿರುವ ಅದರ ಆರು ವರ್ಗಗಳಲ್ಲಿ ನಮ್ಮಲ್ಲಿ ಬಹುತೇಕರು ನಾಲ್ಕು, ಐದನೆಯವುಗಳಿಗೆ ಸೇರುತ್ತಾರೆ. ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲಿಯೂ ನಮ್ಮಲ್ಲಿಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವುಗಳ ಚುರುಕಿನಲ್ಲಿ. ಸುಟ್ಟ ಚರ್ಮದಿಂದ ಹೊಮ್ಮುವ ಉರಿಯೂತದ ಸಂಕೇತಗಳು ಈ ಚುರುಕು ಕೋಶಗಳನ್ನು ಕೆರಳಿಸುತ್ತವೆ, ಅವು ಮೆಲನಿನ್ ಎಂಬ ಬಣ್ಣವನ್ನು ಸುರಿಯುತ್ತವೆ, ಕಪ್ಪು ಕಳೆಯಲೆಂದು ಮಾಡಿದ ಚಿಕಿತ್ಸೆಯೇ ಕಪ್ಪನ್ನು ಬಿತ್ತುತ್ತದೆ. ಮೇಲ್ಚರ್ಮದಲ್ಲಿಯೇ ಉಳಿದ ಬಣ್ಣ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಎರಡು ಪದರಗಳ ನಡುವಿನ ತಳಪೊರೆ ಹರಿದು ಅದು ಒಳಚರ್ಮಕ್ಕೆ ಜಾರಿದರೆ ಬೂದುಗಪ್ಪಾಗಿ ವರ್ಷಗಟ್ಟಲೆ ನಿಂತುಬಿಡುತ್ತದೆ.

ನನ್ನ ಅಣ್ಣನ ಮಗಳು ಕೆನ್ನೆಯ ಬಂಗು ಹೋಗಲೆಂದು ತನ್ನ ಮದುವೆಗೆ ಹದಿನೈದು ದಿನ ಮೊದಲು ವಿಜಯಪುರದ ಪಾರ್ಲರ್ ಒಂದರಲ್ಲಿ ಪೀಲ್ ಮಾಡಿಸಿಕೊಂಡಿದ್ದಳು. ಏಪ್ರಿಲ್ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು, ಲಗ್ನಪತ್ರಿಕೆ ಹಂಚಲು ಸ್ಕೂಟರಿನ ಮೇಲೆ ಊರೂರು ಓಡಾಟ. “ಕಾಕಾ, ಬಂಗು ಹೋಗಲಿ ಅಂತ ಮಾಡಿಸಿದ್ನಿ, ಈಗ ಇನ್ನೂ ಕರ್ರಗ ಆಗೇತಿ” ಎಂದು ಅವಳು ಅತ್ತದ್ದು ಅರಿಶಿನದ ಹಿಂದಿನ ದಿನ. ಗ್ಲೈಕೋಲಿಕ್‌ನಂಥ ಆಮ್ಲಗಳನ್ನು 4 ವಾರ ಹಚ್ಚಿಕೊಂಡವರಲ್ಲಿ ಅತಿನೇರಳೆ ಕಿರಣಗಳಿಗೆ ಚರ್ಮ ಕೆಂಪಾಗುವ ಪ್ರವೃತ್ತಿ 18% ಹೆಚ್ಚಿದ್ದನ್ನು ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದು ಕಂಡುಕೊಂಡಿತ್ತು. ಬಳಕೆ ನಿಲ್ಲಿಸಿದ ವಾರದೊಳಗೆ ಆ ವ್ಯತ್ಯಾಸ ಅಳಿಯಿತು ಎಂಬುದೂ ಅಷ್ಟೇ ಮುಖ್ಯ. ಬೇಸಿಗೆಯ ಮದುವೆಗೆ ಚಳಿಗಾಲದಲ್ಲಿಯೇ ಚಿಕಿತ್ಸೆ ಮುಗಿಸಿಕೊಳ್ಳುವುದು ವಾಸಿ ಎಂದು ನನಗೆ ಅನಿಸುವುದು ಇದೇ ಕಾರಣಕ್ಕೆ.

ಪಾರ್ಲರಿನಲ್ಲಿ ಅವಳನ್ನು ಕೇಳದೇ ಬಿಟ್ಟ ಪ್ರಶ್ನೆಯನ್ನು ಆಮೇಲೆ ಚರ್ಮದ ಡಾಕ್ಟರು ಮೊದಲಿಗೇ ಕೇಳಿದರು: ಮುಖಕ್ಕೆ ಇಷ್ಟು ದಿನ ಏನು ಹಚ್ಚುತ್ತಿದ್ದೆ? ಮೆಡಿಕಲ್ ಅಂಗಡಿಯಿಂದ ತಂದ ‘ಬೆಳ್ಳಗಾಗುವ’ ಟ್ಯೂಬನ್ನು ಅವಳು ಒಂದು ವರ್ಷ ಬಳಸಿದ್ದಳು. ಇಂಥ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅದು ಚರ್ಮವನ್ನು ತೆಳುವಾಗಿಸುತ್ತದೆ. ತೆಳುವಾದ ಚರ್ಮದ ಮೇಲೆ ಹಗುರವಾದ ಪೀಲ್ ಸಹ ಲೆಕ್ಕ ತಪ್ಪಿ ಆಳಕ್ಕಿಳಿಯುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ, ಆದರೂ ಅವಳಿಗೆ ಯಾರೂ ಚೀಟಿ ಕೇಳಿರಲಿಲ್ಲ.

ಪಾರ್ಲರ್ ಬೇಡ, ಮನೆಯ ಲಿಂಬೆಯೇ ಸಾಕು ಎನ್ನುವವರಿಗೂ ಒಂದು ಮಾತು. ಅಮೆರಿಕದ ತಜ್ಞರ ಸಮಿತಿಯೊಂದು ಮನೆಯಲ್ಲಿ ಬಳಸುವ ಗ್ಲೈಕೋಲಿಕ್‌ನಂಥ ಆಮ್ಲಗಳ ಸಾಂದ್ರತೆ 10% ಮೀರಬಾರದು, ಪಿಎಚ್ 3.5ಕ್ಕಿಂತ ಇಳಿಯಬಾರದು ಎಂದು ಹೇಳಿದೆ. ಲಿಂಬೆರಸದ ಪಿಎಚ್ 2ರಿಂದ 2.5ರಷ್ಟು, ಎಂದರೆ ಆ ಮಿತಿಗಿಂತ ಹತ್ತು ಪಟ್ಟಾದರೂ ಹೆಚ್ಚು ಹುಳಿ. ಅದಲ್ಲದೆ ಲಿಂಬೆಯಲ್ಲಿ, ಮುಖ್ಯವಾಗಿ ಅದರ ಸಿಪ್ಪೆಯಲ್ಲಿ, ಫ್ಯೂರೋಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಒಂದೆರಡು ದಿನಗಳಲ್ಲಿ ಬೊಬ್ಬೆ ಎದ್ದು, ಮಾಗಿದ ಮೇಲೆ ಕಪ್ಪು ಉಳಿಯುತ್ತದೆ. ಲಿಂಬೆಗೆ ಹೆಸರಾದ, ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆಯವರು ಉಪ್ಪಿನಕಾಯಿಗೆಂದು ಅಂಗಳದ ಬಿಸಿಲಿನಲ್ಲಿ ಕುಳಿತು ಹಣ್ಣು ಹೆಚ್ಚುವಾಗ ಮುಂಗೈಗೆ ರಸ ಹರಿದರೆ, ಅದು ಹರಿದ ಗೆರೆಯ ಆಕಾರದಲ್ಲಿಯೇ ಕಲೆ ಮೂಡಬಹುದು.