ವಿಂಡೋಸ್ 11 ಹಾಕಿಸಿದ ಮೇಲೆ ಕ್ರೋಮ್ ನಡೆಯುತ್ತಿಲ್ಲ, ಫಾರ್ಮ್ಯಾಟ್ ಮಾಡಿಸಬೇಕೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಹಳ್ಳಿ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರೋದಿಲ್ಲ ಅಂದಿದ್ದಕ್ಕೆ ಮನೆಯ ಡೆಸ್ಕ್‌ಟಾಪಿಗೆ 11 ಹಾಕಿಸಿದೆವು. ಅವತ್ತಿನಿಂದ ಕ್ರೋಮ್ ನಡೀತಾ ಇಲ್ಲ. ಅಡಿಕೆ ರೇಟು, ಪಹಣಿ ಏನೂ ನೋಡೋಕಾಗ್ತಿಲ್ಲ. ಫಾರ್ಮ್ಯಾಟ್ ಮಾಡಬೇಕು ಅಂತಾರೆ. ಮಾಡಿಸೋದಾ?

ಉತ್ತರ: ಬೇಡ. ಕ್ರೋಮ್‌ಗೋಸ್ಕರ ಫಾರ್ಮ್ಯಾಟ್ ಮಾಡಿಸುವುದೆಂದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಸಿ ಡ್ರೈವಿನಲ್ಲಿರುವ ಫೋಟೊ, ಲೆಕ್ಕಪತ್ರ, ಸೇವ್ ಮಾಡಿದ ಪಾಸ್‌ವರ್ಡ್ ಎಲ್ಲವೂ ಹೋಗುತ್ತವೆ. ಕ್ರೋಮನ್ನು ಅನ್‌ಇನ್‌ಸ್ಟಾಲ್ ಮಾಡುವುದಕ್ಕೂ ಅವಸರ ಬೇಡ. ಆಗ ಬರುವ ಚಿಕ್ಕ ಪೆಟ್ಟಿಗೆಯಲ್ಲಿ ‘ಬ್ರೌಸಿಂಗ್ ಡೇಟಾವನ್ನೂ ಅಳಿಸು’ ಎಂಬುದಕ್ಕೆ ಟಿಕ್ ಬಿದ್ದರೆ ಬುಕ್‌ಮಾರ್ಕ್‌ಗಳೂ ಅದರ ಜೊತೆಗೇ ಹೋಗುತ್ತವೆ.

‘ನಡೀತಾ ಇಲ್ಲ’ ಅಂದರೆ ಏನಾಗುತ್ತಿದೆ ಎಂದು ಮೊದಲು ನೋಡಿ. ಕಿಟಕಿಯೇ ಬರುವುದಿಲ್ಲವೋ, ಬಂದು ಬೆಳ್ಳಗೋ ಕಪ್ಪಗೋ ನಿಲ್ಲುತ್ತದೋ, ಕ್ರೋಮ್ ಸರಿಯಾಗಿ ತೆರೆದು ವೆಬ್‌ಸೈಟ್ ಮಾತ್ರ ಬರುವುದಿಲ್ಲವೋ? ಮೂರಕ್ಕೂ ಮದ್ದು ಬೇರೆ. ವಿಂಡೋಸ್ ಜೊತೆಗೇ ಬರುವ ಎಡ್ಜನ್ನೂ ತೆರೆದು ನೋಡಿ. ಕ್ರೋಮ್, ಎಡ್ಜ್ ಎರಡರ ಒಳಗೂ ಇರುವುದು ಕ್ರೋಮಿಯಂ ಎಂಬ ಒಂದೇ ಎಂಜಿನ್. ಎಡ್ಜ್‌ನಲ್ಲೂ ಅದೇ ಗೋಳಾದರೆ ದೋಷ ಕ್ರೋಮಿನದಲ್ಲ.

ಬೆಳ್ಳಗೋ ಕಪ್ಪಗೋ ನಿಂತರೆ ಮೊದಲ ಅನುಮಾನ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕೊಡುವ ಚಿಪ್ಪನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಮೇಲೆ. ಬ್ರೌಸರ್ ಪುಟ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುತ್ತದೆ. ಅಪ್‌ಗ್ರೇಡ್ ಆದಾಗ ಹಳೆಯ ಡ್ರೈವರ್ ಹೊಂದದೇ ಹೋಗಿರಬಹುದು. ವಿಂಡೋಸ್ 11 ಕೇಳುವುದು ಟಿಪಿಎಂ 2.0 (ಕಂಪ್ಯೂಟರಿನೊಳಗಿನ ಭದ್ರತಾ ಚಿಪ್), ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್. ಅದಕ್ಕಿಂತ ಹಳೆಯ ಯಂತ್ರಕ್ಕೆ ಒಳದಾರಿಯಲ್ಲಿ 11 ಹಾಕಿದ್ದರೆ ಈ ತೊಂದರೆ ಬರುವ ಸಂಭವ ಇನ್ನೂ ಜಾಸ್ತಿ.

ಸದ್ಯಕ್ಕೆ ಹೀಗೆ ಮಾಡಿ. ಡೆಸ್ಕ್‌ಟಾಪಿನ ಕ್ರೋಮ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಟಾರ್ಗೆಟ್ ಎಂಬ ಸಾಲಿನ ಕೊನೆಯ ಉದ್ಧರಣ ಚಿಹ್ನೆ ದಾಟಿ, ಒಂದು ಸ್ಪೇಸ್ ಬಿಟ್ಟು, ಇಂಗ್ಲಿಷಿನಲ್ಲಿ ಎರಡು ಹೈಫನ್, ಡಿಸೇಬಲ್, ಒಂದು ಹೈಫನ್, ಜಿಪಿಯು ಎಂದು ಟೈಪ್ ಮಾಡಿ ಓಕೆ ಕೊಡಿ. ನಡುವೆ ಬೇರೆಲ್ಲೂ ಸ್ಪೇಸ್ ಇರಬಾರದು. ಈಗ ಕ್ರೋಮ್ ತೆರೆದುಕೊಂಡರೆ ಕಳ್ಳ ಸಿಕ್ಕಿಬಿದ್ದ. ಕ್ರೋಮಿನ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿ, ಐಕಾನಿಗೆ ಸೇರಿಸಿದ್ದನ್ನು ತೆಗೆದುಬಿಡಿ. ಇದರಿಂದ ಕೆಲಸ ಸಾಗುತ್ತದೆ, ಆದರೆ ವಿಡಿಯೊ ಎಳೆದಾಡಬಹುದು. ಪೂರ್ತಿ ವಾಸಿಯಾಗಲು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಸರಿಯಾದ ಡ್ರೈವರ್ ಇಲ್ಲವೆಂದೇ ಅರ್ಥ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಆಪ್ಷನಲ್ ಅಪ್‌ಡೇಟ್ಸ್ ಒಳಗೆ ಹುಡುಕಿ, ಸಿಗದಿದ್ದರೆ ಕಂಪ್ಯೂಟರ್ ತಯಾರಿಸಿದ ಕಂಪನಿಯ ತಾಣದಿಂದ ತಂದು ಹಾಕಿ.

ಕಿಟಕಿಯೇ ಬಾರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಅಲ್ಲಿ ಸಿಕ್ಕಿಕೊಂಡಿರುವ ಕ್ರೋಮ್‌ಗಳಿಗೆಲ್ಲ ಎಂಡ್ ಟಾಸ್ಕ್ ಕೊಡಿ. ಆಗಲೂ ಬಾರದಿದ್ದರೆ ಪ್ರೊಫೈಲ್, ಅಂದರೆ ಕ್ರೋಮ್ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್ ಇಟ್ಟುಕೊಳ್ಳುವ ಕಡತಗಳು, ಕೆಟ್ಟಿರಬಹುದು. ಸಿ ಡ್ರೈವಿನ ಯೂಸರ್ಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಆ್ಯಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್ ಎಂದು ಹೋಗಿ (ಆ್ಯಪ್‌ಡೇಟಾ ಅಡಗಿರುತ್ತದೆ, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಬೇಕು). ಅಲ್ಲಿರುವ ‘ಯೂಸರ್ ಡೇಟಾ’ ಫೋಲ್ಡರನ್ನು ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಕ್ರೋಮ್ ಹೊಸ ಫೋಲ್ಡರ್ ಮಾಡಿಕೊಂಡು ತೆರೆಯುತ್ತದೆ. ಅದನ್ನು ಮುಚ್ಚಿ, ಹಳೆಯದರ ಡೀಫಾಲ್ಟ್ ಫೋಲ್ಡರಿನಲ್ಲಿರುವ ‘ಬುಕ್‌ಮಾರ್ಕ್ಸ್’ ಫೈಲನ್ನು ಹೊಸದರ ಡೀಫಾಲ್ಟ್‌ಗೆ ನಕಲು ಮಾಡಿದರೆ ಬುಕ್‌ಮಾರ್ಕ್‌ಗಳು ಬಂದವು. ಪಾಸ್‌ವರ್ಡ್ ಹಾಗೆ ಬರುವುದಿಲ್ಲ. ಅದರ ಕೀಲಿ ಬೇರೆ ಫೈಲಿನಲ್ಲಿರುತ್ತದೆ. ಗೂಗಲ್ ಖಾತೆಗೆ ಸಿಂಕ್ ಆಗಿದ್ದರೆ ಮಾತ್ರ ಲಾಗಿನ್ ಆದ ಮೇಲೆ ತಾನೇ ಬರುತ್ತದೆ.

ಇನ್ನು ಮೂರನೆಯದು. ಪಹಣಿ ತಾಣವಿರಲಿ ಬ್ಯಾಂಕ್ ತಾಣವಿರಲಿ, ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಎಂದು ತಡೆದರೆ ಮೂಲೆಯ ತಾರೀಖು ನೋಡಿ. ಮಲೆನಾಡಿನ ಮನೆಗಳಲ್ಲಿ ಗುಡುಗು ಶುರುವಾದರೆ ಪ್ಲಗ್ ಕೀಳುವುದು ರೂಢಿ. ಅದು ಸರಿಯಾದ ರೂಢಿಯೇ, ಬಿಡಬೇಡಿ. ಆದರೆ ಪ್ಲಗ್ ಕಿತ್ತಷ್ಟು ಹೊತ್ತು ಕಂಪ್ಯೂಟರಿನ ಗಡಿಯಾರ ನಡೆಯುವುದು ಮದರ್‌ಬೋರ್ಡಿನ ಪುಟ್ಟ ಬಟನ್ ಸೆಲ್ ಬಲದಿಂದ. ಸೆಲ್ ಸತ್ತಿದ್ದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಆಗ ತಾಣಗಳ ಭದ್ರತಾ ಪ್ರಮಾಣಪತ್ರಗಳು ಇನ್ನೂ ಜಾರಿಗೇ ಬಂದಿಲ್ಲ ಎಂದು ಬ್ರೌಸರ್ ತಿಳಿಯುತ್ತದೆ. ವ್ಯತ್ಯಾಸ 15 ಗಂಟೆ ಮೀರಿದರೆ ವಿಂಡೋಸ್ ತಾನಾಗಿ ತಿದ್ದದೇ ಇರಬಹುದು; ಮೊದಲು ಕೈಯಾರೆ ತಾರೀಖು ಹೊಂದಿಸಿ, ಆಮೇಲೆ ‘ಸಿಂಕ್ ನೌ’ ಒತ್ತಿ. ಮರುದಿನ ಮತ್ತೆ ತಪ್ಪಿದರೆ ಸೆಲ್ ಬದಲಿಸಬೇಕು. ಸಾಮಾನ್ಯವಾಗಿ ಇರುವುದು ಸಿಆರ್ 2032, 3 ವೋಲ್ಟ್. ಶಿವಮೊಗ್ಗದ ದುರ್ಗಿಗುಡಿ ತನಕ ಹೋಗಬೇಕೆಂದೇನೂ ಇಲ್ಲ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

ತಾರೀಖು ಸರಿಯಿದ್ದೂ ತಾಣ ಬಾರದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ (ಇಂಟರ್ನೆಟ್ಟನ್ನು ನಡುವಿನ ಬೇರೊಂದು ಕಂಪ್ಯೂಟರ್ ಮೂಲಕ ಕಳಿಸುವ ವ್ಯವಸ್ಥೆ) ಆನ್ ಆಗಿ ಉಳಿದಿದೆಯೇ ನೋಡಿ, ಹಳೆಯ ಆ್ಯಂಟಿವೈರಸ್ ಇದ್ದರೆ ಹೊಸ ಆವೃತ್ತಿ ಹಾಕಿ.

ಇಷ್ಟಾದರೂ ಬಗ್ಗದಿದ್ದರೆ ಹಳೆಯ ವಿಂಡೋಸ್ 10ಕ್ಕೇ ಮರಳುವ ದಾರಿ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿದೆ. ಅದು ತೆರೆದಿರುವುದು ಅಪ್‌ಗ್ರೇಡ್ ಆದ 10 ದಿನ ಮಾತ್ರ. ಡಿಸ್ಕ್ ಖಾಲಿ ಮಾಡಲು ಹೋಗಿ ಹಳೆಯ ವಿಂಡೋಸ್ ಉಳಿದಿರುವ ‘ವಿಂಡೋಸ್ ಓಲ್ಡ್’ ಫೋಲ್ಡರ್ ಅಳಿಸಿದ್ದರೆ ಅದೂ ಇಲ್ಲ. 2025ರ ಅಕ್ಟೋಬರ್ 14ಕ್ಕೆ 10ರ ಮಾಮೂಲಿ ಬೆಂಬಲ ಮುಗಿದಿದೆ ಎಂಬುದು ನೆನಪಿರಲಿ. ಮರಳುವುದೇ ಆದರೆ ಕರೆಂಟ್ ನಂಬಿಕೆಯಿಂದ ಇರುವ ಹೊತ್ತು ನೋಡಿ, ಯುಪಿಎಸ್ ಚಾರ್ಜ್ ಆದ ಮೇಲೆ ಶುರುಮಾಡಿ.