ಎಡಗೈ ಬಾಕ್ಸರ್‌ನ ಬಲ ಇರುವುದು ಬಲಗಾಲಿನಲ್ಲಿ

2012ರ ಡಿಸೆಂಬರ್ 8, ಲಾಸ್ ವೇಗಸ್. ಮ್ಯಾನಿ ಪಕ್ಕಿಯಾವೊ ಮತ್ತು ಹುವಾನ್ ಮಾನ್ಯುಯೆಲ್ ಮಾರ್ಕೆಸ್ ನಾಲ್ಕನೇ ಸಲ ಎದುರಾಗಿದ್ದರು. ಆರನೇ ಸುತ್ತು ಮುಗಿಯಲು ಇನ್ನೊಂದೇ ಸೆಕೆಂಡು ಬಾಕಿ. ಪಕ್ಕಿಯಾವೊ ಮುನ್ನುಗ್ಗಿದರು. ಮಾರ್ಕೆಸ್ ಅವರ ಬಲಗೈ ನೇರವಾಗಿ ಬಂದು ಮುಖಕ್ಕೆ ಬಿತ್ತು. ಪಕ್ಕಿಯಾವೊ ಬೋರಲಾಗಿ ಬಿದ್ದವರು ಪಂದ್ಯ ಮುಗಿದರೂ ಏಳಲಿಲ್ಲ.

ಪಕ್ಕಿಯಾವೊ ಸೌತ್‌ಪಾ ಬಾಕ್ಸರ್. ಅಂದರೆ ಬಲಗಾಲು ಮತ್ತು ಬಲಗೈ ಮುಂದಿಟ್ಟು, ಎಡಗೈಯನ್ನು ಹಿಂದೆ ಕಾಯ್ದಿಟ್ಟು ನಿಲ್ಲುವವರು. ಮಾರ್ಕೆಸ್ ಇದಕ್ಕೆ ತದ್ವಿರುದ್ಧವಾಗಿ ನಿಲ್ಲುವ ಆರ್ಥೊಡಾಕ್ಸ್ ಬಾಕ್ಸರ್. ಎಡಗಾಲು ಮುಂದೆ, ಬಲಗೈ ಹಿಂದೆ. ಎಡಗೈ ಬಾಕ್ಸರ್‌ಗೆ ಹುಟ್ಟಿನಿಂದಲೇ ಒಂದು ಲಾಭ ಸಿಕ್ಕಿರುತ್ತದೆ ಎಂದು ಜಿಮ್‌ಗಳಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಆ ಲಾಭ ಎಲ್ಲಿಂದ ಬರುತ್ತದೆ, ಎಲ್ಲಿ ಕರಗಿ ಹೋಗುತ್ತದೆ ಎಂದು ಗೊತ್ತಾದರೆ, ಹವ್ಯಾಸಿ ಸೌತ್‌ಪಾ ಏನನ್ನು ತಿದ್ದಿಕೊಳ್ಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಜಗತ್ತಿನಲ್ಲಿ ಎಡಗೈ ಬಳಸುವವರು ಸುಮಾರು ಶೇ. 10ರಷ್ಟು. ಮ್ಯಾಂಚೆಸ್ಟರ್‌ನ ಇಬ್ಬರು ಸಂಶೋಧಕರು 2019ರಲ್ಲಿ ಸಾವಿರಾರು ವೃತ್ತಿಪರ ಬಾಕ್ಸರ್‌ಗಳು ಮತ್ತು ಮಿಶ್ರ ಸಮರ ಕಲೆಯ ಸ್ಪರ್ಧಿಗಳ ದಾಖಲೆ ತೆಗೆದು ನೋಡಿದರು. ಪುರುಷ ಬಾಕ್ಸರ್‌ಗಳಲ್ಲಿ ಸೌತ್‌ಪಾ ನಿಲುವಿನವರು ಶೇ. 17ರಷ್ಟಿದ್ದರು. ಗೆಲುವಿನ ಪ್ರಮಾಣದಲ್ಲೂ ಅವರು ಸ್ವಲ್ಪ ಮುಂದಿದ್ದರು. ಎಡಗೈಯವರ ಸ್ನಾಯು ಬೇರೆಯವರಿಗಿಂತ ವೇಗವಾಗಿದೆ ಎಂದು ಇದರ ಅರ್ಥವಲ್ಲ. ಎದುರಾಳಿಗೆ ಅವರು ಅಪರೂಪ, ಅಷ್ಟೇ.

ಯಾಕೆ ಅಂದರೆ, ಏಟನ್ನು ನೋಡಿದ ಮೇಲೆ ತಪ್ಪಿಸಿಕೊಳ್ಳುವುದು ಆಗದ ಮಾತು. ಕಣ್ಣಿಗೆ ಬಿದ್ದದ್ದಕ್ಕೆ ಮೈ ಪ್ರತಿಕ್ರಿಯಿಸಲು ಸುಮಾರು 200 ಮಿಲಿಸೆಕೆಂಡು ಬೇಕು. ಬಂದದ್ದು ಜ್ಯಾಬೋ (ಮುಂದಿಟ್ಟ ಕೈಯ ನೇರ ಏಟು) ಹುಕ್ಕೋ (ಪಕ್ಕದಿಂದ ಬೀಸುವ ಏಟು) ಎಂದು ಆರಿಸಬೇಕಾದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತಿಗೆ ಗ್ಲೌಸ್ ಮುಖ ಮುಟ್ಟಿರುತ್ತದೆ. ಆದ್ದರಿಂದ ಪಳಗಿದ ಬಾಕ್ಸರ್ ಮುಷ್ಟಿಯನ್ನು ನೋಡುತ್ತಾ ಕೂರುವುದಿಲ್ಲ. ಭುಜ, ಸೊಂಟ, ಮುಂದಿಟ್ಟ ಕಾಲಿನ ಅಲುಗಾಟ ನೋಡಿ ಮೊದಲೇ ಊಹಿಸುತ್ತಾನೆ. ಆ ಊಹೆ ಹುಟ್ಟುವುದು ಸಾವಿರಾರು ಸಲ ನೋಡಿ ನೋಡಿ. ನೋಡಿದವರೆಲ್ಲ ಹೆಚ್ಚುಕಡಿಮೆ ಬಲಗೈಯವರೇ ಆಗಿದ್ದರೆ, ಎಡಗೈಯವನ ಎದುರು ಆ ಊಹೆ ತಡವರಿಸುತ್ತದೆ. ಜರ್ಮನಿಯ ಫ್ಲೋರಿಯನ್ ಲೋಫಿಂಗ್ 2017ರಲ್ಲಿ ತೋರಿಸಿದ್ದೂ ಇದನ್ನೇ. ಯೋಚಿಸಲು ಕಡಿಮೆ ಸಮಯ ಸಿಗುವ ಕ್ರಿಕೆಟ್ ಬೌಲಿಂಗ್, ಬೇಸ್‌ಬಾಲ್, ಟೇಬಲ್ ಟೆನಿಸ್‌ಗಳ ಮೇಲ್ಮಟ್ಟದಲ್ಲಿ ಎಡಗೈಯವರು ಜಾಸ್ತಿ ಸಿಗುತ್ತಾರೆ. ಸ್ಕ್ವಾಷ್‌ನಂಥ ಆಟದಲ್ಲಿ ಕಡಿಮೆ.

ನೀವು ಸೌತ್‌ಪಾ ಆಗಿದ್ದರೆ, ಈ ಲಾಭ ನಿಮ್ಮ ಹತ್ತಿರ ಇಲ್ಲ, ಎದುರಾಳಿಯ ಅನುಭವದ ಕೊರತೆಯಲ್ಲಿದೆ. ಅವನು ನಾಲ್ಕು ತಿಂಗಳು ಎಡಗೈಯವರ ಜೊತೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿ ಬಂದರೆ ಅದು ಕರಗುತ್ತದೆ. ಮಾರ್ಕೆಸ್ ಮೂರು ಪಂದ್ಯಗಳಲ್ಲಿ 36 ಸುತ್ತು ಪಕ್ಕಿಯಾವೊ ಅವರನ್ನು ಓದಿಕೊಂಡಿದ್ದರು. ನಾಲ್ಕನೆಯದರಲ್ಲಿ ಅಪರೂಪ ಅನ್ನುವುದು ಎಲ್ಲಿ ಉಳಿದಿರುತ್ತದೆ?

ಆಗ ಉಳಿಯುವುದು ಜ್ಯಾಮಿತಿ. ನನಗೆ ಬಾಕ್ಸಿಂಗ್‌ನಲ್ಲಿ ಅತಿ ಪ್ರೀತಿಯ ಭಾಗವೂ ಇದೇ. ಇಬ್ಬರು ಆರ್ಥೊಡಾಕ್ಸ್ ಬಾಕ್ಸರ್‌ಗಳು ಎದುರಾದಾಗ ಒಬ್ಬನ ಬಲಗೈ ಇನ್ನೊಬ್ಬನ ಮುಂಭುಜವನ್ನು ದಾಟಿ ಹೋಗಬೇಕು. ಸೌತ್‌ಪಾ ಮತ್ತು ಆರ್ಥೊಡಾಕ್ಸ್ ಎದುರಾದಾಗ ಹಾಗಲ್ಲ. ಇಬ್ಬರ ಮುಂಗಾಲುಗಳು ಒಂದೇ ಪಕ್ಕದಲ್ಲಿ, ಹತ್ತಿರ ಹತ್ತಿರ ಬರುತ್ತವೆ. ಮುಂಗೈಗಳು, ಅಂದರೆ ಮುಂದಿಟ್ಟ ಕೈಗಳು, ಒಂದಕ್ಕೊಂದು ತಾಗುತ್ತವೆ. ಇನ್ನೊಂದು ಪಕ್ಕ ಪೂರ್ತಿ ತೆರೆದಿರುತ್ತದೆ. ನಿಮ್ಮ ಎಡಗೈಗೆ ಅವನ ಗದ್ದದವರೆಗೆ ನೇರ ದಾರಿ. ಅವನ ಬಲಗೈಗೆ ನಿಮ್ಮ ಗದ್ದದವರೆಗೂ ಅಷ್ಟೇ ನೇರ ದಾರಿ. ಹೊಸ ಸೌತ್‌ಪಾಗಳು ಮೊದಲನೆಯದನ್ನು ಬೇಗ ಕಲಿಯುತ್ತಾರೆ, ಎರಡನೆಯದನ್ನು ಏಟು ತಿಂದ ಮೇಲೆ ಕಲಿಯುತ್ತಾರೆ.

ಆ ದಾರಿ ನಿಮ್ಮದೋ ಅವನದೋ ಎಂದು ತೀರ್ಮಾನಿಸುವುದು ನಿಮ್ಮ ಬಲಗಾಲು. ಅದು ಎದುರಾಳಿಯ ಎಡಗಾಲಿನ ಹೊರಗೆ, ಅಂದರೆ ನಿಮ್ಮ ಬಲಕ್ಕೆ ಇದ್ದರೆ, ನಿಮ್ಮ ಎಡಭುಜ ಅವನ ನಡುಗೆರೆಗೆ ಸರಿಯಾಗಿ ಬರುತ್ತದೆ. ಎಡಗೈ ಸುಮ್ನೆ ನೇರ ಹೋದರೆ ಸಾಕು. ಅವನಾದರೋ ಬಲಗೈ ಬೀಸಲು ತನ್ನ ಮೈಯನ್ನು ಅಡ್ಡಕ್ಕೆ ತಿರುಗಿಸಬೇಕು. ನಿಮ್ಮ ಕಾಲು ಒಳಗೆ ಸಿಕ್ಕಿಕೊಂಡರೆ ಇದೆಲ್ಲ ತಿರುಗುಮುರುಗು. ಆದ್ದರಿಂದಲೇ ಕೋಚ್‌ಗಳು ‘ಬಲಕ್ಕೆ ಸುತ್ತು, ಬಲಕ್ಕೆ ಸುತ್ತು’ ಎಂದು ಕೂಗುವುದು. ಬಲಕ್ಕೆ ಸುತ್ತುತ್ತಾ ಇದ್ದರೆ ಅವನ ಬಲಗೈಯಿಂದ ದೂರವೂ ಆಗುತ್ತೀರಿ.

ಆದರೆ ಇದನ್ನು ಮುರಿಯಬಾರದ ಕಾನೂನು ಮಾಡಿಕೊಳ್ಳಬೇಡಿ. ಪ್ರತಿ ಸಲವೂ ಬಲಕ್ಕೇ ಹೋದರೆ ಎದುರಾಳಿ ಎಡ ಹುಕ್ ಇಟ್ಟುಕೊಂಡು ಅಲ್ಲೇ ಕಾಯುತ್ತಾನೆ. ಉಕ್ರೇನಿನ ವಸಿಲ್ ಲೊಮಚೆಂಕೊ ಬೇಕಾದಾಗ ಒಳಗಿನ ಕೋನಕ್ಕೂ ನುಗ್ಗುತ್ತಿದ್ದರು. 2008 ಮತ್ತು 2012ರ ಎರಡೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಸೌತ್‌ಪಾ ಅವರು. ಚಿಕ್ಕವರಿದ್ದಾಗ ಅವರ ತಂದೆ ಬಾಕ್ಸಿಂಗ್ ನಿಲ್ಲಿಸಿ, ಕೆಲವು ವರ್ಷ ಜನಪದ ನೃತ್ಯ ಕಲಿಯಲು ಹಾಕಿದ್ದರು. ಆ ಕಾಲುಗಳನ್ನು ನೋಡಿದವರಿಗೆ ಅದು ವ್ಯರ್ಥವಾಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಈಗ ನಿಲ್ಲುವ ರೀತಿಗೆ ಬರೋಣ. ಪಾದಗಳ ನಡುವೆ ಭುಜದ ಅಗಲ, ಬೇಕಾದರೆ ತುಸು ಹೆಚ್ಚು. ಬಲಗಾಲಿನ ಬೆರಳು ಎದುರಾಳಿ ಕಡೆಗೆ, ಸ್ವಲ್ಪ ಒಳಕ್ಕೆ. ಎಡಗಾಲು ಸುಮಾರು 45 ಡಿಗ್ರಿ ಹೊರಕ್ಕೆ, ಹಿಮ್ಮಡಿ ನೆಲದಿಂದ ಎದ್ದಿರಬೇಕು. ಮಂಡಿ ಸಡಿಲ. ಎರಡೂ ಪಾದ ಒಂದೇ ಗೆರೆಯ ಮೇಲೆ ಬರಬಾರದು. ಹಾಗೆ ಬಂದರೆ ಪಕ್ಕದಿಂದ ಒಂದು ತಳ್ಳು ಸಾಕು, ಮೈ ವಾಲುತ್ತದೆ. ಸೊಂಟ ತಿರುಗಲೂ ಜಾಗ ಇರುವುದಿಲ್ಲ. ಹಾಗಂತ ಎದೆ ಪೂರ್ತಿ ತೋರಿಸಿಕೊಂಡು ನಿಂತರೆ ತೆರೆದ ದಾರಿ ಇನ್ನಷ್ಟು ಅಗಲವಾಗುತ್ತದೆ. ನಡೆಯುವಾಗ ಯಾವ ದಿಕ್ಕಿಗೆ ಹೋಗಬೇಕೋ ಆ ಕಡೆಯ ಕಾಲು ಮೊದಲು, ಇನ್ನೊಂದು ಅದರ ಹಿಂದೆ. ಕಾಲು ಅಡ್ಡ ಹಾಕುವ ಹಾಗಿಲ್ಲ.

ಹಿಮ್ಮಡಿ ಯಾಕೆ ಎದ್ದಿರಬೇಕು? ಸೋವಿಯತ್ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇದಕ್ಕೆ ಒಳ್ಳೆಯ ಉತ್ತರ ಇದೆ. ಹಿಂಗೈಯಿಂದ, ಅಂದರೆ ಹಿಂದಿಟ್ಟ ಕೈಯಿಂದ, ಕೊಡುವ ನೇರ ಏಟಿನ ಬಲ ಎಲ್ಲಿಂದ ಬರುತ್ತದೆ ಎಂದು ಅವರು ಅಳೆದರು. ನುರಿತ ಬಾಕ್ಸರ್‌ಗಳಲ್ಲಿ ಕಾಲಿನ ಪಾಲು ಸುಮಾರು ಶೇ. 38, ನಡುಮೈಯದು ಶೇ. 37, ತೋಳಿನದು ಶೇ. 24. ಕೆಳ ದರ್ಜೆಯವರಲ್ಲಿ ಕಾಲಿನ ಪಾಲು ಶೇ. 16ರ ಆಸುಪಾಸು, ತೋಳಿನದೇ ಶೇ. 38. ಬಾವಿಯಿಂದ ನೀರು ಸೇದುವವರನ್ನು ನೋಡಿ. ರೂಢಿ ಇಲ್ಲದವರು ತೋಳಲ್ಲಿ ಎಳೆದು ಸುಸ್ತಾಗುತ್ತಾರೆ, ರೂಢಿ ಇದ್ದವರು ಕಾಲೂರಿ ಸೊಂಟದಿಂದ ಎಳೆಯುತ್ತಾರೆ. ಎಡ ಪಾದದ ಮುಂಭಾಗ ನೆಲವನ್ನು ಒತ್ತಿ ತಿರುಗಬೇಕು. ಅದು ಸೊಂಟವನ್ನು, ಸೊಂಟ ಭುಜವನ್ನು ತಿರುಗಿಸುತ್ತದೆ. ಮುಷ್ಟಿ ಹೊರಡುವುದು ಕೊನೆಗೆ. ಹಿಮ್ಮಡಿ ನೆಲಕ್ಕೆ ಅಂಟಿದ್ದರೆ ಈ ಸರಪಳಿ ಶುರುವಿನಲ್ಲೇ ತುಂಡಾಗುತ್ತದೆ.

2000ದಲ್ಲಿ ಇಂಗ್ಲೆಂಡಿನಿಂದ ಬಂದ ಇನ್ನೊಂದು ಅಧ್ಯಯನದ ಅಂಕಿಗಳೂ ಹೊಸಬರಿಗೆ ಹುಮ್ಮಸ್ಸು ಕೊಡುವಂಥವು. ಮೇಲ್ಮಟ್ಟದ ಬಾಕ್ಸರ್‌ಗಳ ಹಿಂಗೈ ಏಟಿನ ಗರಿಷ್ಠ ಬಲ ಸರಾಸರಿ 4,800 ನ್ಯೂಟನ್. ಹೊಸಬರದ್ದು 2,381. ಮುಂಗೈಯಲ್ಲಿ ಅಂತರ ಕಡಿಮೆ, 2,847 ಮತ್ತು 1,604. ಅಂದರೆ ಹೆಚ್ಚು ಬೆಳೆಯಲು ಜಾಗ ಇರುವುದು ಹಿಂಗೈಯಲ್ಲೇ. ಸೌತ್‌ಪಾಗೆ ದಾರಿ ತೆರೆದಿರುವುದೂ ಅದೇ ಕೈಗೆ ಅಲ್ವಾ? ಸೌದಿಯಲ್ಲಿ 2024ರ ಮೇ 18ರಂದು ಉಕ್ರೇನಿನ ಸೌತ್‌ಪಾ ಒಲೆಕ್ಸಾಂಡರ್ ಉಸಿಕ್ ತಮಗಿಂತ ತುಂಬಾ ಎತ್ತರದ ಟೈಸನ್ ಫ್ಯೂರಿ ಅವರನ್ನು ಒಂಬತ್ತನೇ ಸುತ್ತಿನಲ್ಲಿ ತತ್ತರಿಸುವಂತೆ ಮಾಡಿದ್ದು ಎಡಗೈಯಿಂದಲೇ.

ಆದರೆ ಎಡಗೈ ಒಂದನ್ನೇ ನಂಬಿದ ಸೌತ್‌ಪಾನನ್ನು ಓದುವುದು ಸುಲಭ. ಎಡಗೈಗೆ ದಾರಿ ಬಿಡಿಸಿಕೊಡುವ ಕೆಲಸ ಬಲಗೈಯದು. ಸೌತ್‌ಪಾನ ಜ್ಯಾಬ್ ಎದುರಾಳಿಯ ಮುಂಗೈಗೆ ತಾಗಿ ಹಾಳಾಗುತ್ತದೆ ಎಂದು ಎಷ್ಟೋ ಜನ ಜ್ಯಾಬ್ ಹೊಡೆಯುವುದನ್ನೇ ಬಿಡುತ್ತಾರೆ. ಬಿಡಬೇಡಿ. ಅವನ ಗ್ಲೌಸ್ ಮೇಲೆ ನಿಮ್ಮ ಗ್ಲೌಸ್ ಇಟ್ಟು ಒತ್ತಿ. ಒಮ್ಮೆ ಮೇಲಿಂದ, ಒಮ್ಮೆ ಒಳಗಿಂದ ಜ್ಯಾಬ್ ಹಾಕಿ. ಕಣ್ಣಿಗೆ ಅಡ್ಡ ಹಿಡಿದು, ಅದೇ ಹೊತ್ತಿಗೆ ಬಲಗಾಲನ್ನು ಹೊರಗೆ ಇಡಿ. ಮುಟ್ಟದೇ ಹೋದ ಜ್ಯಾಬ್ ಕೂಡ ಕಾಲಿಗೆ ಜಾಗ ಸಂಪಾದಿಸಿ ಕೊಟ್ಟಿರುತ್ತದೆ. ಎದುರಾಳಿ ಜ್ಯಾಬ್ ಹಾಕಿದಾಗ ತಲೆ ನಿಮ್ಮ ಬಲಕ್ಕೆ, ಅವನ ತೋಳಿನ ಹೊರಗೆ ಜಾರಬೇಕು. ಎಡಕ್ಕೆ ಜಾರಿದರೆ ಅವನ ಬಲಗೈ ಕಾದಿರುತ್ತದೆ.

ಎಡಗೈ ಹೊಡೆದ ಮೇಲಿನ ಕ್ಷಣವೇ ಅತಿ ಅಪಾಯದ್ದು. ಹಣೆ ಬಲ ಮಂಡಿಯನ್ನು ದಾಟಿ ಮುಂದೆ ಹೋದರೆ ತೂಕವೆಲ್ಲ ಒಂದೇ ಕಾಲಿಗೆ ಬಿದ್ದು, ಹಿಂದಕ್ಕೂ ಪಕ್ಕಕ್ಕೂ ಸರಿಯಲು ಆಗುವುದಿಲ್ಲ. ಹೋದ ದಾರಿಯಲ್ಲೇ ಕೈ ಕೆನ್ನೆಗೆ ವಾಪಸ್ಸಾಗಬೇಕು. ಬಲಗೈ ಅಷ್ಟು ಹೊತ್ತೂ ಗದ್ದದ ಮುಂದೆ ಇರಬೇಕು. ಕೊನೆಗೊಂದು ಬಲ ಹುಕ್ ಹಾಕುತ್ತಾ ಹೊರಗೆ ತಿರುಗಿಬಿಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ ಯಕೃತ್ತಿನದು. ಅದು ಇರುವುದು ಮೈಯ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ. ಅಲ್ಲಿಗೆ ಸರಿಯಾಗಿ ಬಿದ್ದ ಏಟು ಎಂಥವರನ್ನೂ ಮಂಡಿಯೂರಿಸುತ್ತದೆ. ಆರ್ಥೊಡಾಕ್ಸ್ ಬಾಕ್ಸರ್‌ನ ಬಲಪಕ್ಕೆ ನಿಮ್ಮ ಎಡಗೈಯ ಕಡೆ ತೆರೆದಿರುತ್ತದೆ, ಸರಿ. ಆದರೆ ನಿಮ್ಮ ಯಕೃತ್ತು ಮುಂಗೈ ಪಕ್ಕದಲ್ಲಿದೆ, ಅವನ ಎಡಗೈಗೆ ಇನ್ನೂ ಹತ್ತಿರ. ಬಲ ಮೊಣಕೈ ಪಕ್ಕೆಯಿಂದ ದೂರ ಹಾರಿಕೊಂಡಿರುವ ಸೌತ್‌ಪಾ ತನ್ನ ಅತಿ ಸೂಕ್ಷ್ಮ ಜಾಗವನ್ನು ತಾನೇ ಒಪ್ಪಿಸುತ್ತಿರುತ್ತಾನೆ.

ಎಡಗೈಯವರೆಲ್ಲ ಸೌತ್‌ಪಾ ಆಗಲೇಬೇಕಾ? ಹಾಗೇನಿಲ್ಲ. ಆಸ್ಕರ್ ಡೆ ಲಾ ಹೋಯಾ, ಮಿಗೆಲ್ ಕೊಟ್ಟೊ ಇಬ್ಬರೂ ಎಡಗೈಯವರು. ಆದರೂ ಆರ್ಥೊಡಾಕ್ಸ್ ಆಗಿ ನಿಂತು, ಬಲವಾದ ಕೈಯನ್ನು ಮುಂದಿಟ್ಟು, ಎಡ ಹುಕ್‌ಗೆ ಹೆಸರಾದರು. ಆದರೆ ‘ಕ್ಲಾಸ್‌ನಲ್ಲಿ ಎಲ್ಲರೂ ಹಾಗೆ ನಿಲ್ಲುತ್ತಾರೆ’ ಅನ್ನುವ ಒಂದೇ ಕಾರಣಕ್ಕೆ ಮಕ್ಕಳ ನಿಲುವನ್ನು ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಎಡಗೈ ಹುಡುಗಿಯೊಬ್ಬಳು ಕೋಚ್ ಹೇಳಿದ ಪ್ರತಿ ಮಾತನ್ನೂ ತಲೆಯಲ್ಲೇ ಎಡಬಲ ಮಾಡಿಕೊಂಡು ಕಲಿಯುತ್ತಿರುತ್ತಾಳೆ. ಅವಳಿಗೆ ಬೇಕಾದದ್ದು ಅವಳ ನಿಲುವಿನಲ್ಲೇ ನಿಂತು ತೋರಿಸುವ ಒಬ್ಬರು. ನಮ್ಮಲ್ಲಿ ನೋಡಿ ಕಲಿಯಲು ಮಾದರಿಗಳಿಗೂ ಕೊರತೆಯಿಲ್ಲ. ಹರಿಯಾಣದ ನಿಶಾಂತ್ ದೇವ್ ಸೌತ್‌ಪಾ. ಬಳ್ಳಾರಿ ಹತ್ತಿರದ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ ಪಳಗಿ, ರಾಷ್ಟ್ರೀಯ ಪಂದ್ಯಗಳಲ್ಲಿ ಕರ್ನಾಟಕದ ಪರವಾಗಿಯೇ ಆಡಿದವರು. 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 71 ಕೆ.ಜಿ. ವಿಭಾಗದ ಕಂಚು ಗೆದ್ದರು.

ಅಭ್ಯಾಸಕ್ಕೆ ದುಬಾರಿ ಸಾಮಾನು ಬೇಡ. ನೆಲಕ್ಕೆ ಒಂದು ಟೇಪ್ ಅಂಟಿಸಿ, ಅದನ್ನು ಎದುರಾಳಿಯ ಎಡಗಾಲು ಅಂದುಕೊಳ್ಳಿ. ಜ್ಯಾಬ್ ಜೊತೆಗೇ ಬಲಗಾಲು ಟೇಪಿನ ಹೊರಗೆ, ಆಮೇಲೆ ಎಡಗೈ, ಆಮೇಲೆ ಅಲ್ಲಿಂದ ಆಚೆ. ನಿಧಾನವಾಗಿ ಶುರು ಮಾಡಿ. ಸ್ಪಾರಿಂಗ್‌ನಲ್ಲೂ ನಿಧಾನ, ಹಗುರ ಏಟಿನ ಸುತ್ತುಗಳೇ ಜಾಸ್ತಿ ಇರಲಿ. ಕಾಲಿನ ಪಾಠ ಕಲಿಯಲು ತಲೆಗೆ ಪೆಟ್ಟು ತಿನ್ನಬೇಕಾಗಿಲ್ಲ. ಹವ್ಯಾಸಿ ಪಂದ್ಯ ಅಂದರೆ ಮೂರು ಸುತ್ತು, ಸುತ್ತಿಗೆ ಮೂರು ನಿಮಿಷ. ಸ್ವಚ್ಛವಾಗಿ ಮುಟ್ಟಿದ ಏಟನ್ನು ತೀರ್ಪುಗಾರರು ನೋಡುತ್ತಾರೆ. ಕಾಲು ಸರಿಯಾದ ಜಾಗದಲ್ಲಿದ್ದರೆ ಏಟು ತಾನಾಗಿ ಸ್ವಚ್ಛವಾಗುತ್ತದೆ.

ಸಾಧ್ಯವಾದಾಗಲೆಲ್ಲ ಇನ್ನೊಬ್ಬ ಸೌತ್‌ಪಾ ಜೊತೆಗೂ ಆಡಿ. ಸೌತ್‌ಪಾಗಳಿಗೂ ಸೌತ್‌ಪಾ ಅಪರೂಪವೇ. ದಿನವೂ ಬಲಗೈಯವರ ಜೊತೆ ಆಡಿ ರೂಢಿಯಾದವರಿಗೆ ತಮ್ಮಂಥವರೇ ಎದುರು ಬಂದಾಗ ಕೋನಗಳೆಲ್ಲ ಅಪರಿಚಿತ. ತೆರೆದ ದಾರಿ ಮುಚ್ಚಿರುತ್ತದೆ, ಹೊರಗಾಲಿನ ಲೆಕ್ಕ ಬದಲಾಗುತ್ತದೆ, ಜ್ಯಾಬ್ ಮತ್ತೆ ಮುಖ್ಯವಾಗುತ್ತದೆ. ಭಾರತದ ಅಮಿತ್ ಪಂಘಲ್ 2017ರಲ್ಲಿ ಉಜ್ಬೆಕಿಸ್ತಾನದ ಹಸನ್‌ಬಾಯ್ ದುಸ್ಮಾತೋವ್ ಅವರಿಗೆ ಎರಡು ಸಲ ಸೋತರು, ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಒಮ್ಮೆ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಮ್ಮೆ. ಇಬ್ಬರೂ ಸೌತ್‌ಪಾ, ಎದುರಾಳಿ ರಿಯೊ ಒಲಿಂಪಿಕ್ಸ್‌ನ ಚಿನ್ನದ ವಿಜೇತ. ಮರುವರ್ಷ ಜಕಾರ್ತಾದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಮತ್ತೆ ಅವರೇ ಸಿಕ್ಕರು. ಈ ಸಲ ಪಂಘಲ್ 3-2ರಿಂದ ಗೆದ್ದು 49 ಕೆ.ಜಿ. ವಿಭಾಗದ ಚಿನ್ನ ತಂದರು.