ಆಲೂಗಡ್ಡೆ ಪಲ್ಯ ಕೆಟ್ಟರೆ ತಪ್ಪು ಗಡ್ಡೆಯದಲ್ಲ

ಹಬ್ಬದ ದಿನ ಕೋಸಂಬರಿ ಕೆಟ್ಟರೆ ಮಾಡಿದವರಿಗೆ ಬೈಗುಳ ಬೀಳುತ್ತದೆ. ಆಲೂಗಡ್ಡೆ ಪಲ್ಯ ಕೆಟ್ಟರೆ ಮಾತ್ರ ಬೈಸಿಕೊಳ್ಳುವುದು ಆಲೂಗಡ್ಡೆ. “ಈ ಸಲದ ಗಡ್ಡೆನೇ ಸರಿ ಇಲ್ಲ, ನೋಡಿ ಹೇಗೆ ಮುದ್ದೆ ಆಯ್ತು” ಅನ್ನುತ್ತಾರೆ. ಇಲ್ಲವೇ “ಎಷ್ಟು ಬೇಯಿಸಿದ್ರೂ ಬೇಯ್ತಾನೇ ಇಲ್ಲ” ಅನ್ನುತ್ತಾರೆ. ಗಡ್ಡೆಯ ತಪ್ಪು ಇಲ್ಲವೇ ಇಲ್ಲ ಅಂತಲ್ಲ. ಆದರೆ ಜಾಸ್ತಿ ಎಡವಟ್ಟು ಆಗುವುದು ಪಾತ್ರೆಯೊಳಗೆ, ಅದೂ ಪೆಕ್ಟಿನ್ ಅನ್ನುವ ಒಂದು ಅಂಟಿನ ವಿಷಯದಲ್ಲಿ.

ಆಲೂಗಡ್ಡೆಯಲ್ಲಿ ಪಿಷ್ಟ ಜಾಸ್ತಿ, ಅದಕ್ಕೇ ಮುದ್ದೆಯಾಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಇದು ಅರ್ಧ ಮಾತ್ರ ನಿಜ. ನೂರು ಗ್ರಾಂ ಗಡ್ಡೆಯಲ್ಲಿ ಸುಮಾರು 80 ಗ್ರಾಂ ನೀರೇ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಪಿಷ್ಟ. ಆದರೆ ಅದು ಜೀವಕೋಶಗಳ ಒಳಗೇ ಬಂದಿಯಾಗಿರುತ್ತದೆ. ಚೆನ್ನಾಗಿ ಬೆಂದ ಗಡ್ಡೆಯೊಂದನ್ನು ಕೈಯಲ್ಲೇ ಮುರಿಯಿರಿ. ಮುರಿದ ಕಡೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸಣ್ಣ ಸಣ್ಣ ಕಣಗಳು ಮಿನುಗುವುದು ಕಾಣುತ್ತದೆ. ಬೆರಳಲ್ಲಿ ತಿಕ್ಕಿದರೆ ತರಿತರಿ ಅನ್ನಿಸುತ್ತದೆ, ಅಂಟುವುದಿಲ್ಲ. ಆ ಕಣಗಳೇ ಜೀವಕೋಶಗಳು, ಇಲ್ಲವೇ ಅವುಗಳ ಚಿಕ್ಕ ಗುಂಪುಗಳು. ಒಳಗಿನ ಪಿಷ್ಟ ನೀರು ಕುಡಿದು ಊದಿಕೊಂಡಿದೆ, ಆದರೂ ಕೋಶದ ಗೋಡೆ ಒಡೆದಿಲ್ಲ. ಪಕ್ಕದ ಕೋಶದ ಜೊತೆಗಿನ ಬೆಸುಗೆಯಷ್ಟೇ ಬಿಟ್ಟಿದೆ. ಅದೇ ಗಡ್ಡೆಯನ್ನು ಮಿಕ್ಸಿಗೆ ಹಾಕಿ ನೋಡಿ. ಗೋಡೆಗಳು ಹರಿದು ಪಿಷ್ಟ ಹೊರಗೆ ಬರುತ್ತದೆ, ಗೋಂದು ತಯಾರಾಗುತ್ತದೆ. ಬೋಂಡಾ ಹೂರಣವನ್ನು ಕೈಯಲ್ಲೇ ಹಿಸುಕುವುದು ಇದಕ್ಕೇ.

ಗಡ್ಡೆಯನ್ನು ಒಂದು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಇಟ್ಟಿಗೆಗಳು ಜೀವಕೋಶ, ನಡುವಿನ ಗಾರೆ ಪೆಕ್ಟಿನ್. ಜಾಮ್ ಗಟ್ಟಿಯಾಗುವುದೂ ಇದೇ ಪೆಕ್ಟಿನ್‌ನಿಂದ. ಶಾಖ ಏರುತ್ತಾ ಸುಮಾರು 60 ಡಿಗ್ರಿ ದಾಟಿದಾಗ ಪಿಷ್ಟ ಊದಲು ಶುರುವಾಗುತ್ತದೆ. ಗಾರೆ ಕರಗುವುದು ಅದಕ್ಕಿಂತ ತಡವಾಗಿ, 80 ಡಿಗ್ರಿ ದಾಟಿದ ಮೇಲೆ. ಹೋಳು ಬೆಂದಿದೆ ಅಂತ ನಾವು ಅನ್ನುವುದು ಗಾರೆ ಹದವಾಗಿ ಸಡಿಲಗೊಂಡಾಗ. ಪೂರ್ತಿ ಕರಗಿದರೆ ಅದೇ ಮುದ್ದೆ. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಹೆಚ್ಚಿದ ಹೋಳುಗಳನ್ನು ಅದಕ್ಕೆ ಹಾಕಿ, ಎರಡು ಕೂಗಿನ ಬದಲು ನಾಲ್ಕು ಕೂಗಿಸಿದರೆ ಗೋಡೆ ನಿಲ್ಲುವುದು ಹೇಗೆ?

ಇನ್ನು ಹುಳಿಯ ಕಥೆ. ಹೋಳು ಬೆಂದ ಮೇಲೇ ಹುಣಸೆಹುಳಿ ಹಾಕಬೇಕು ಅನ್ನುವುದು ಸಾರು ಹುಳಿ ಮಾಡುವ ಎಲ್ಲರಿಗೂ ಗೊತ್ತು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಮನೆಗಳಲ್ಲಿ ಖಾರ ಹುಳಿ ಕೂಡಿಸಿ ಬಟಾಟೆ ಸಾಂಗ್ ಮಾಡುವಾಗಲೂ ಬಟಾಟೆಯನ್ನು ಮೊದಲೇ ಬೇಯಿಸಿಕೊಳ್ಳುತ್ತಾರೆ. ಹುಳಿಯಿರುವ ನೀರಿನಲ್ಲಿ ಪೆಕ್ಟಿನ್ ಕರಗುವುದು ಬಹಳ ನಿಧಾನ. ಟೊಮೆಟೊ, ಹುಣಸೆ, ಮಜ್ಜಿಗೆ, ಯಾವ ಹುಳಿಯಾದರೂ ಅಷ್ಟೆ. ಪಲ್ಯಕ್ಕೆ ನಿಂಬೆಹಣ್ಣು ಇಳಿಸಿದ ಮೇಲೇ ಹಿಂಡಬೇಕು, ಇಲ್ಲದಿದ್ರೆ ಕಹಿಯಾಗುತ್ತೆ ಅನ್ನುತ್ತಾರಲ್ವಾ? ಅದು ಸರಿ. ಆದರೆ ಹಸಿ ಹೋಳಿಗೇ ಹಿಂಡಿಬಿಟ್ಟರೆ ಕಹಿಗಿಂತ ದೊಡ್ಡ ತೊಂದರೆ ಕಾದಿರುತ್ತದೆ. ಅರ್ಧ ಗಂಟೆ ಕುದಿಸಿದರೂ ಹೋಳು ಕಚ್ಚಿದರೆ ಕಟುಂ ಅನ್ನುತ್ತದೆ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ. ಒಂದು ಚಿಟಿಕೆ ಬಿದ್ದರೂ ಗಾರೆ ಬೇಗ ಕರಗುತ್ತದೆ. ಸಾಲದ್ದಕ್ಕೆ ಅರಿಶಿನ ಕೆಂಪಗಾಗುತ್ತದೆ.

ಈಗ ನನಗೆ ಬಲು ಇಷ್ಟವಾದ ಭಾಗ. ಗಡ್ಡೆಯೊಳಗೆ ಒಂದು ಕಿಣ್ವ ಇದೆ. ಪೆಕ್ಟಿನ್ ಮೀಥೈಲ್ ಎಸ್ಟರೇಸ್ ಅಂತ ಉದ್ದ ಹೆಸರು. ಗಡ್ಡೆ ತಣ್ಣಗಿದ್ದಾಗ ಅದು ಸುಮ್ನೆ ಇರುತ್ತದೆ, ಕುದಿ ಬಂದರೆ ಸತ್ತೇ ಹೋಗುತ್ತದೆ. ನಡುವೆ 55ರಿಂದ 70 ಡಿಗ್ರಿಯೊಳಗೆ ಮಾತ್ರ ಅದಕ್ಕೆ ಹುರುಪು. ಪೆಕ್ಟಿನ್ ಸರಪಳಿಗೆ ಅಲ್ಲಲ್ಲಿ ಮೀಥೈಲ್ ಗುಂಪುಗಳು ಅಂಟಿಕೊಂಡಿರುತ್ತವೆ. ಈ ಕಿಣ್ವ ಅವನ್ನು ಕಿತ್ತು ಹಾಕುತ್ತದೆ. ಖಾಲಿಯಾದ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುತ್ತದೆ, ಒಂದು ಸರಪಳಿಯನ್ನು ಇನ್ನೊಂದಕ್ಕೆ ಬಿಗಿಯುತ್ತದೆ. ಗಾರೆಗೆ ಸಿಮೆಂಟ್ ಬೆರೆಸಿದ ಹಾಗೆ! ಒಮ್ಮೆ ಹೀಗೆ ಬಿಗಿದ ಹೋಳನ್ನು ಆಮೇಲೆ ಎಷ್ಟು ಕುದಿಸಿದರೂ ಒಳಗೆ ಮೆತ್ತಗಾಗುತ್ತದೆ, ಅಂಚು ಮಾತ್ರ ಉದುರುವುದಿಲ್ಲ. ನೂರಾರು ಜನರ ಊಟದಲ್ಲಿ ಪಲ್ಯವನ್ನು ಕೊಳಗದಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಎಲೆಗೆ ಸುರಿದು ಬಡಿಸುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮನೆಯಲ್ಲಿ ಥರ್ಮಾಮೀಟರ್ ಬೇಕಿಲ್ಲ, ಸ್ವಲ್ಪ ಗಣಿತ ಸಾಕು. ಒಂದು ಕೆಜಿ ಆಲೂಗಡ್ಡೆ ಸಿಪ್ಪೆ ತೆಗೆದು ಹೆಚ್ಚಿಕೊಳ್ಳಿ. ಎರಡು ಲೀಟರ್ ಕುದಿಯುವ ನೀರಿಗೆ ಒಂದು ಲೀಟರ್ ತಣ್ಣೀರು ಬೆರೆಸಿದರೆ 75 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು 97ಕ್ಕೇ ಕುದಿಯುವುದರಿಂದ ಒಂದೆರಡು ಡಿಗ್ರಿ ಕಡಿಮೆ. ಹೋಳು ಹಾಕಿದ ಕೂಡಲೇ ಅದು 60-65ಕ್ಕೆ ಇಳಿಯುತ್ತದೆ. ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಅದೇ ನೀರಿಗೆ ಉಪ್ಪು ಹಾಕಿ ಬೇಯಿಸಿ, ಬಸಿಯಿರಿ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಇಂಗು, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವಿನ ಒಗ್ಗರಣೆ ನಿಮಗೆ ಗೊತ್ತೇ ಇದೆ. ಅರಿಶಿನ ಮಾತ್ರ ಎಣ್ಣೆಗೇ ಬೀಳಲಿ. ಅದರ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಕೊನೆಗೆ ಕಾಯಿತುರಿ, ನಿಂಬೆರಸ. ಬೆಂದ ಹೋಳು ಕೆಲವೊಮ್ಮೆ ಬೂದು ಬಣ್ಣಕ್ಕೆ ತಿರುಗುತ್ತದೆ. ಗಡ್ಡೆಯಲ್ಲಿರುವ ಕಬ್ಬಿಣ ಕ್ಲೋರೋಜೆನಿಕ್ ಆಮ್ಲದ ಜೊತೆ ಸೇರುವುದರಿಂದ ಹಾಗಾಗುತ್ತದೆ. ನಿಂಬೆರಸ ಅದನ್ನೂ ತಡೆಯುತ್ತದೆ.

ಯಾವ ಗಡ್ಡೆ ತರಬೇಕು? ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕದಡಿ, ಗಡ್ಡೆ ಹಾಕಿ. ಮುಳುಗಿದರೆ ಪಿಷ್ಟ ಜಾಸ್ತಿ, ಬೋಂಡಾಕ್ಕೆ ಲಾಯಕ್ಕು. ತೇಲಿದರೆ ಪಲ್ಯಕ್ಕೆ. ಹಾಸನದ ಹೊಲಗಳಲ್ಲಿ ಮುಂಗಾರು ಬೆಳೆಯಾಗಿ ಜಾಸ್ತಿ ಬೆಳೆಯುವುದು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ದೂಡಿದ ಅಂಗಮಾರಿ ರೋಗವೇ ಹಾಸನದ ರೈತರನ್ನೂ ಕಾಡುತ್ತದೆ. ಹೊಸ ಗಡ್ಡೆ ಮಾರುಕಟ್ಟೆಗೆ ಬರುವ ಹೊತ್ತಿಗೆ ಸರಿಯಾಗಿ ಗಣೇಶನ ಹಬ್ಬ, ದಸರಾ.

ಎಳೆಯ ಹೊಸ ಗಡ್ಡೆಯಲ್ಲಿ ಪಿಷ್ಟ ಕಡಿಮೆ, ಹಾಗಾಗಿ ಹೋಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಸಿ ಗಡ್ಡೆಯನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಚಳಿಗೆ ಪಿಷ್ಟ ಸಕ್ಕರೆಯಾಗಿ ಒಡೆಯುತ್ತದೆ. ಪಲ್ಯ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಹಸಿರು ತಿರುಗಿದ ಗಡ್ಡೆ ಕಂಡರೆ ಎಸೆಯಿರಿ. ಅದರಲ್ಲಿ ಕೂಡಿಕೊಂಡ ಸೋಲನಿನ್ ಅನ್ನುವ ವಿಷ ಕುದಿಸಿದರೆ ಹೋಗುವುದಿಲ್ಲ.

ಕೆಲವು ಮನೆಗಳಲ್ಲಿ ಶ್ರಾದ್ಧಕ್ಕೆ, ಮಡಿ ಅಡುಗೆಗೆ ಆಲೂಗಡ್ಡೆ ಬಾರದು. ಪರದೇಶದ ಗಡ್ಡೆ ಅಂತ. ಅವರವರ ಆಚಾರ ಅವರಿಗೆ. ಶ್ರಾದ್ಧದಲ್ಲಿ ಕಾಳುಮೆಣಸು ಬಳಸುವವರು ಮಾತಿಗೆ ತಪ್ಪಲಿಲ್ಲ ಅನ್ನಬಹುದು. ಆದರೆ ಉಳಿದ ದಿನ ಆಲೂಗಡ್ಡೆ ಮೈಲಿಗೆ ಅಂದು ಮೆಣಸಿನಕಾಯಿ ಒಗ್ಗರಣೆ ಹಾಕುವುದನ್ನು ನೋಡಿದರೆ ನಗು ಬರುತ್ತದೆ. ಎರಡೂ ಅಮೆರಿಕ ಖಂಡದಿಂದ ಬಂದವು, ಎರಡೂ ಒಂದೇ ಸಸ್ಯ ಕುಟುಂಬದವು. ಯುರೋಪಿನವರ ಭಯ ಇನ್ನೂ ಜೋರಾಗಿತ್ತು. ಆಲೂಗಡ್ಡೆ ತಿಂದರೆ ಕುಷ್ಠ ಬರುತ್ತದೆ ಅಂತ ಫ್ರಾನ್ಸ್‌ನಲ್ಲಿ 1748ರಲ್ಲಿ ಅದನ್ನು ಬೆಳೆಯುವುದನ್ನೇ ನಿಷೇಧಿಸಿದ್ದರು. ಪಾರ್ಮೆಂಟಿಯೇ ಅನ್ನುವ ಔಷಧ ತಜ್ಞ ಪ್ರಷ್ಯದ ಸೆರೆಮನೆಯಲ್ಲಿ ಆಲೂಗಡ್ಡೆ ತಿಂದೇ ಬದುಕಿ ಬಂದವನು. ಅವನ ಪಟ್ಟಿನಿಂದ 1772ರಲ್ಲಿ ಪ್ಯಾರಿಸ್‌ನ ವೈದ್ಯರು ಇದು ತಿನ್ನಬಹುದಾದ ವಸ್ತು ಅಂತ ಒಪ್ಪಿದರು.

ನಮ್ಮಲ್ಲಿ ಕುಷ್ಠದ ಜಾಗದಲ್ಲಿ ವಾಯು ಇದೆ. ಬಿಸಿ ಪಲ್ಯದ ಪಿಷ್ಟ ಸಣ್ಣ ಕರುಳಿನಲ್ಲೇ ಬಹುತೇಕ ಜೀರ್ಣವಾಗಿಬಿಡುತ್ತದೆ. ತಣ್ಣಗಾದಾಗ ಅದರಲ್ಲೊಂದು ಪಾಲು ಮತ್ತೆ ಬಿಗಿದುಕೊಳ್ಳುತ್ತದೆ. ಆ ಪಾಲು ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ, ಒಂದಿಷ್ಟು ಗಾಳಿಯೂ ಹುಟ್ಟುತ್ತದೆ. ಅಷ್ಟರ ಮಟ್ಟಿಗೆ ತಂಗಳು ಪಲ್ಯದ ಮೇಲಿನ ದೂರು ನಿಜ. ಆದರೆ ಅದೇ ಎಲೆಯಲ್ಲಿ ಬೇಳೆ ಹೋಳಿಗೆ ಇರುತ್ತದೆ. ಬೇಳೆಯಲ್ಲಿ ರಾಫಿನೋಸ್ ಜಾತಿಯ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿ ಇಲ್ಲವೇ ಇಲ್ಲ, ತಣ್ಣಗಿರಲಿ ಬಿಸಿಯಿರಲಿ ನೇರ ದೊಡ್ಡ ಕರುಳಿಗೇ ದಾರಿ. ಹೊಟ್ಟೆ ಗುಡುಗುಡು ಅಂದಾಗ ತಿಂದ ಹೋಳಿಗೆಯ ಲೆಕ್ಕ ಮಾತ್ರ ಯಾರೂ ಕೊಡುವುದಿಲ್ಲ.